ನೂರು ಪರ್ಸೆಂಟಿನ ಗಂಟೆ

ಓಹಾಯೋದ ಆ ಊರಿನ ಮಾಜಿ ಸೈನಿಕರ ಕ್ಲಬ್ಬಿನಲ್ಲಿ ಒಬ್ಬರನ್ನೊಬ್ಬರು ಕಂಡರೆ ಮೊದಲು ಕೇಳುವುದು ಯೋಗಕ್ಷೇಮವಲ್ಲ, ಪರ್ಸೆಂಟು. ಸೇವೆಯಲ್ಲಿ ಕೆಟ್ಟ ಆರೋಗ್ಯಕ್ಕೆ ಸರ್ಕಾರ ಕಟ್ಟುವ ಬೆಲೆ ಅದು; ಪರ್ಸೆಂಟು ಏರಿದಷ್ಟೂ ತಿಂಗಳ ಹಣ ಏರುತ್ತದೆ. ನೂರು ಸಿಕ್ಕವನು ಬಾರಿನ ಗಂಟೆಯ ಹಗ್ಗ ಎಳೆದು ಬಾರಿಸಿ ಎಲ್ಲರಿಗೂ ಬಿಯರ್ ಕುಡಿಸಬೇಕು.

ವರ್ಡೆಲ್ ಸ್ಕ್ಯಾಗ್ಸ್ ಆ ಗಂಟೆಯ ಮೇಲೆ ಕಣ್ಣಿಟ್ಟೇ ಮುದುಕನಾಗಿದ್ದ. ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಹಾರಿ ಎರಡೂ ಮಂಡಿ ಕೆಡಿಸಿಕೊಂಡು, ಆಮೇಲೆ ಅದೇ ಮಂಡಿಯೂರಿ ಕಂಡವರ ಮನೆಗೆ ಸೂರು ಹೊದಿಸಿ ಬದುಕಿದವನು. ಅರ್ಜಿ, ಮೇಲ್ಮನವಿ ಎಂದು ಎಷ್ಟು ಅಲೆದರೂ ಸಿಕ್ಕಿದ್ದು ನಲವತ್ತು. ಅವನ ಗೆಳೆಯ ಕ್ಲೀಟಸ್ ರಡ್ ಟೆಕ್ಸಾಸಿನಲ್ಲಿ ಸೈನ್ಯದ ಲಾರಿಗಳಿಗೆ ಎಣ್ಣೆ ಬಿಟ್ಟುಕೊಂಡಿದ್ದವನು. ಯುದ್ಧ ನೋಡಿದ್ದರೆ ಟೀವಿಯಲ್ಲಿ. ಅವನಿಗೆ ನರ ಸತ್ತು ಕೈಕಾಲು ಒಂದೊಂದಾಗಿ ಸೋತು ಕೆಲವೇ ವರ್ಷದಲ್ಲಿ ಜೀವ ತೆಗೆಯುವ ಕಾಯಿಲೆ ಬಂತು. ಮಾಜಿ ಸೈನಿಕನಿಗೆ ಆ ಕಾಯಿಲೆ ಬಂದರೆ ಸೇವೆಯಿಂದಲೇ ಬಂದದ್ದೆಂದು ಕಾನೂನೇ ಒಪ್ಪಿಕೊಳ್ಳುತ್ತದೆ. ಮರುಮಾತಿಲ್ಲದೆ ನೂರು ಕೊಟ್ಟರು. ಸರ್ಕಾರದ ದುಡ್ಡಲ್ಲಿ ಗಾಲಿಕುರ್ಚಿ ಹತ್ತುವ ವ್ಯಾನು ಬಂತು, ಹೊಸ ಬಚ್ಚಲುಮನೆ ಎದ್ದಿತು.

ವರ್ಡೆಲ್‌ಗೆ ಹೊಟ್ಟೆ ಉರಿಯಿತು. ಸಾಯುವ ಗೆಳೆಯನ ಮೇಲೆ ಹೊಟ್ಟೆಕಿಚ್ಚು ನಾಚಿಕೆಗೇಡು ಎಂದು ಗೊತ್ತಿತ್ತು. ಗೊತ್ತಿದ್ದರಿಂದ ಉರಿ ಇನ್ನೂ ಹೆಚ್ಚಾಯಿತು. ಆ ಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟ.

ಶುಕ್ರವಾರ, ಕರಿದ ಮೀನಿನ ಊಟದ ದಿನ, ಕ್ಲೀಟಸ್‌ನನ್ನು ಅವನ ಹೆಂಡತಿ ಓಪಲ್ ಗಾಲಿಕುರ್ಚಿಯಲ್ಲಿ ಕ್ಲಬ್ಬಿಗೆ ಕರೆತಂದಳು.

"ಬಾರ್ಸೋ ಗಂಟೆ!" ಎಂದು ಎಲ್ಲರೂ ಕೂಗಿದರು.

ಮಡಿಲಲ್ಲಿದ್ದ ಕೈ ಮೇಲೇಳಲಿಲ್ಲ. ಕ್ಲೀಟಸ್ ಸುತ್ತ ನೋಡಿದ.

"ವರ್ಡೆಲ್, ನೀನೇ ಎಳಿಯೋ," ಎಂದ ತೊದಲುತ್ತಾ. "ನಿಂಗೇ ತಾನೇ ಆ ಹಗ್ಗದ್ಮೇಲೆ ಆಸೆ."

ವರ್ಡೆಲ್‌ಗೆ ತಡೆಯಲಾಗಲಿಲ್ಲ. "ನಿನ್ ಗಂಟೆ ನಾನ್ಯಾಕೋ ಹೊಡೀಲಿ? ಎಣ್ಣೆ ಬಿಟ್ಕೊಂಡ್ ಕೂತಿದ್ದೋನಿಗೆ ಒಂದೇ ಏಟಿಗೆ ನೂರು! ನಂಗೆ ನಲವತ್ತು ಕೊಡೋಕೇ ಪ್ರಾಣ ತಿಂದ್ರು. ಅದೇನ್ ಮಾಟ ಮಾಡಿಸಿದ್ಯೋ ಮಾರಾಯ?"

ಓಪಲ್ ಬಾಯಿ ತೆರೆಯುವಷ್ಟರಲ್ಲಿ ಕ್ಲೀಟಸ್ ಮಾತಾಡಿದ. ಒಂದೊಂದು ಪದಕ್ಕೂ ಉಸಿರು ಎಳೆದುಕೊಳ್ಳುತ್ತಿದ್ದ.

"ಮಾಟ ಏನಿಲ್ಲ ಕಣೋ. ನಿನ್ನ ಕಾಯಿಸಬೋದು ಅಂತ ಅವ್ರಿಗೆ ಗೊತ್ತು. ನಿಂಗೆ ಟೈಮಿದೆ."

ವರ್ಡೆಲ್ ಎದ್ದು ಹೋಗಿ ಹಗ್ಗ ಎಳೆದ. ಬಿಯರ್ ಬಂದಾಗ ಓಪಲ್ ಕೈಯಿಂದ ಸ್ಟ್ರಾ ತೆಗೆದುಕೊಂಡು, ಲೋಟವನ್ನು ಗೆಳೆಯನ ಬಾಯಿಗೆ ತಾನೇ ಹಿಡಿದ. ಹೊರಗೆ ನಿಂತಿದ್ದ ಹೊಸ ವ್ಯಾನು ಕಿಟಕಿಯಲ್ಲಿ ಕಾಣುತ್ತಿತ್ತು. ಅದರ ಮೇಲೆ ಅವನಿಗೆ ಇನ್ನೂ ಹೊಟ್ಟೆಕಿಚ್ಚಿತ್ತು, ಸುಳ್ಳು ಯಾಕೆ ಹೇಳಬೇಕು.

"ಮನೆ ಕಡೆ ಬರ್ತೀಯೇನೋ?" ಕ್ಲೀಟಸ್ ಕೇಳಿದ.

"ಬರ್ತೀನಿ ಬಿಡೋ, ಮುಂದಿನ್ ತಿಂಗ್ಳು..." ಎಂದವನು ಅರ್ಧಕ್ಕೇ ಮಾತು ನಿಲ್ಲಿಸಿದ.

"ನಾಳೆ," ಎಂದ ವರ್ಡೆಲ್. "ನಾಳೆ ಬೆಳಗ್ಗೇನೇ ಬರ್ತೀನಿ."