ಬಣ್ಣದಮ್ಮನ ಮಾದರಿ ಬಟ್ಟಲು

ನಮ್ಮ ಅತ್ತೆಯನ್ನು ಬೀದಿಯವರೆಲ್ಲ ಕರೆಯುವುದು ಬಣ್ಣದಮ್ಮ ಎಂದು. ಮೂವತ್ತು ವರ್ಷ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ದುಡಿದವರು. ಒಂದೊಂದು ತೊಟ್ಟಿಯಿಂದಲೂ ಬಟ್ಟೆಯ ಚೂರೊಂದನ್ನು ಕತ್ತರಿಸಿ ಮಾದರಿಗೆಂದು ಎತ್ತಿಡುತ್ತಿದ್ದರಂತೆ. ಬಣ್ಣ ಕೆಟ್ಟಿದೆ ಎಂದು ಯಾರಾದರೂ ಹಾರಾಡಿದರೆ ಆ ಚೂರನ್ನೇ ಮುಖಕ್ಕೆ ಹಿಡಿಯುವುದು!

ಅಂಥವರಿಗೆ ಹೋದ ತಿಂಗಳ ಜ್ವರದಲ್ಲಿ ಮೂಗು, ನಾಲಿಗೆ ಎರಡೂ ಕೈಕೊಟ್ಟವು. ವಾಸನೆಯಿಲ್ಲ, ರುಚಿಯಿಲ್ಲ. "ಹೋದ್ರೆ ಹೋಗ್ಲಿ, ಕೈ ಇದೆಯಲ್ಲ," ಎಂದು ಎದ್ದವರೇ ಕೊತ್ತಂಬರಿ ಚಟ್ನಿ ಅರೆದರು. ಉಪ್ಪು ಹಾಕುವುದನ್ನೇ ಮರೆತಿದ್ದರು.

ಪ್ರತಿ ಭಾನುವಾರ ಊಟಕ್ಕೆ ಬರುವ ನನ್ನ ನಾದಿನಿ ಶಾಲೆಯಲ್ಲಿ ಟೀಚರು, ಮನೆಯಲ್ಲೂ ಟೀಚರೇ. "ಅಮ್ಮಾ, ಮುಂದಿನ ಭಾನುವಾರವೂ ಹೀಗೇ ಆದ್ರೆ ಅಡುಗೆಯವಳನ್ನ ಇಡೋಣ. ನೀನು ಒಲೆ ಹತ್ರ ಬರಬೇಡ," ಎಂದು ತೀರ್ಪು ಕೊಟ್ಟು ಹೋದಳು. ಅಡುಗೆಮನೆ ಕಿತ್ತುಕೊಂಡರೆ ಅತ್ತೆ ಗೋಡೆ ನೋಡುತ್ತಾ ಕೂರಬೇಕೇ? ನನಗೆ ಮೈಯೆಲ್ಲ ಉರಿಯಿತು.

ಭಾನುವಾರ ಬಂತು. ಅತ್ತೆ ಏನೇನು ಹಾಕಿ ಅರೆದರೆಂದು ಆಮೇಲೆ ಅವರ ಬಾಯಿಂದಲೇ ಕೇಳಿದ್ದು: ಎರಡು ಕಟ್ಟು ಕೊತ್ತಂಬರಿ, ಹಿಡಿ ಪುದೀನ, ಮೂರು ಹಸಿಮೆಣಸಿನಕಾಯಿ, ತುಂಡು ಶುಂಠಿ. ಮಟ್ಟಸವಾಗಿ ಒಂದು ಚಮಚ ಉಪ್ಪು. ಮಿಕ್ಸಿ ಬಿಸಿಯಾದರೆ ಹಸಿರು ಕಂದುತ್ತದೆಂದು ಎರಡು ತುಂಡು ಐಸು. ನಿಂಬೆರಸ ಕೊನೆಗೆ. ಬಟ್ಟಲಿಗೆ ಬಗ್ಗಿಸಿ, ಬೆಳಕಿಗೆ ಹಿಡಿದು ಬಣ್ಣ ನೋಡಿ, "ಹ್ಞೂಂ," ಎಂದು ಸ್ನಾನಕ್ಕೆ ಹೋದರು.

ಅಡುಗೆಮನೆಯಲ್ಲಿ ನಾನೊಬ್ಬಳೇ. ಮತ್ತೆ ಮರೆತಿದ್ದರೆ? ಅವರು ಅರೆಯುವಾಗ ನಾನು ಬಟ್ಟೆ ಒಣಹಾಕುತ್ತಿದ್ದೆ, ಕಂಡಿರಲಿಲ್ಲ. ರುಚಿ ನೋಡುತ್ತಾ ನಿಂತರೆ ಸಿಕ್ಕಿಬೀಳುತ್ತೇನೆಂದು, ಗಬಕ್ಕನೆ ಅರ್ಧ ಚಮಚ ಉಪ್ಪು ಬೆರೆಸಿ ಹೊರಬಿದ್ದೆ. ನನ್ನ ಗಂಡ ಲೋಟ ಹಿಡಿದು ನೀರಿಗೆಂದು ಒಳಗೆ ಹೋದರು.

ಮಧ್ಯಾಹ್ನ ನಾದಿನಿ ಬ್ರೆಡ್ಡಿಗೆ ಚಟ್ನಿ ಸವರಿ ಕಚ್ಚಿದಳು. ಮುಖ ಕಿವುಚಿದಳು.

"ಥೂ! ಬರೀ ಉಪ್ಪು. ಸಾಕಮ್ಮ, ನಾಳೆನೇ ಅಡುಗೆಯವಳು ಬರ್ತಾಳೆ."

ನಾನು ತಲೆ ತಗ್ಗಿಸಿದೆ. ಗಂಡನೂ ತಟ್ಟೆ ನೋಡುತ್ತಿದ್ದರು.

ಅತ್ತೆ ಎದ್ದು ಫ್ರಿಜ್ಜಿನ ಮೂಲೆಯಿಂದ ಪುಟ್ಟ ಬಟ್ಟಲೊಂದನ್ನು ತಂದು ಮೇಜಿನ ಮೇಲೆ ಕುಕ್ಕಿದರು.

"ಮಿಕ್ಸಿಯಿಂದ ತೆಗೆದ ತಕ್ಷಣ ಎತ್ತಿಟ್ಟ ಮಾದರಿ. ಇದನ್ನೂ ತಿಂದು ಹೇಳು."

ನಾದಿನಿ ಬೆರಳಿನಲ್ಲಿ ನೆಕ್ಕಿದಳು. ಇನ್ನೊಮ್ಮೆ ನೆಕ್ಕಿದಳು. "ಇದು... ಸರಿಯಾಗಿದೆ."

"ಸರಿಯಾಗೇ ಇರತ್ತೆ. ಆ ಬಟ್ಟಲಿಗೆ ಕೈ ಹಾಕಿದ್ದು ಯಾರು?"

"ನಾನು, ಅತ್ತೆ," ಎಂದೆ.

"ನಾನೂ," ಎಂದರು ಗಂಡ. "ನೀನು ಸೋಲಬಾರದು ಅಂತ, ಅಮ್ಮಾ."

ಅತ್ತೆಯ ಕಣ್ಣು ತುಂಬಿತು, ದನಿ ಮಾತ್ರ ಇಳಿಯಲಿಲ್ಲ. "ನನಗೆ ರುಚಿ ಗೊತ್ತಾಗಲ್ಲ, ನಿಜ. ನಾನು ಮರೆತಿದ್ರೆ ಎದುರಿಗೆ ಬಂದು, ಉಪ್ಪಿಲ್ಲ ಅನ್ನಿ. ಬೆನ್ನ ಹಿಂದೆ ಉಪ್ಪು ಹಾಕಿ ನನ್ನ ಕೈಗೆ ಕೆಟ್ಟ ಹೆಸರು ತರಬೇಡಿ."

ಅಡುಗೆಯವಳು ಬರಲಿಲ್ಲ. ಉಪ್ಪಿನ ಡಬ್ಬಿ ಅಂದೇ ಅತ್ತೆಯ ಕೋಣೆ ಸೇರಿತು. ಈಗ ಚಿಟಿಕೆ ಉಪ್ಪು ಬೇಕಾದರೂ ನಾನು ಬಾಗಿಲು ತಟ್ಟಿ, ಯಾವುದಕ್ಕೆ, ಎಷ್ಟು ಎಂದು ಹೇಳಿ ಇಸಿದುಕೊಳ್ಳಬೇಕು.