ಬಿ.ಕಾಂ. ಆಗಿ ಬಂದ ಯಜ್ಞಣ್ಣ

ಮಾಳಮಡ್ಡಿಯ ಯಜ್ಞೇಶ್ವರ ಮುಂಬಯಿಯಲ್ಲಿ ಬಿ.ಕಾಂ. ಮುಗಿಸಿ ಬಂದವನು ಮನೆಯವರೊಡನೆ ಮಾತು ಬಿಟ್ಟು ಪತ್ರವ್ಯವಹಾರ ಶುರುಮಾಡಿದ. ತಾಯಿ ಲಕ್ಷ್ಮೀಬಾಯಿ ಮೆಣಸಿನಕಾಯಿ ತಾ ಎಂದರೆ, "ಬರದು ಕೊಡವ್ವಾ, ವ್ಯವಹಾರ ಅಂದ್ರ ಹಂಗ" ಅನ್ನುವನು. ಅಕ್ಷರ ಬಾರದ ಆಕೆ, "ನೀ ಬಿ.ಕಾಂ. ಆಗಿದ್ದಕ್ಕ ಸಾರಿಗೆ ಖಾರ ಇಲ್ಲದಂಗಾತು" ಎಂದು ತಾನೇ ಪ್ಯಾಟಿಗೆ ಹೊರಡುವಳು. ಬಾಗಿಲಿಗೆ ಬಂದ ಮೊಸರಿನವಳ ಹತ್ತಿರವೂ ಅವನು ದರಪಟ್ಟಿ ಕೇಳಿದ್ದ. ಮ್ಯಾಟ್ರಿಕ್ ಪಾಸಾದ ತಂಗಿ ರಜನಿ ಕಾಲೇಜಿನ ಅರ್ಜಿಗೆ ಸಹಿ ಕೇಳಿದಾಗ ಅವನು ಕಾರ್ಡೊಂದು ಬರೆದು ಅಂಚೆಗೆ ಹಾಕಿದ, ಆ ಮನೆಯಿಂದಲೇ ಹೊರಟದ್ದು ಅಂಚೆಯವನ ಕೈಯಲ್ಲಿ ಆ ಮನೆಗೇ ಬಂತು: "ತಮ್ಮ ವಿನಂತಿ ಪರಿಶೀಲನೆಯಲ್ಲಿದೆ." ಅರ್ಜಿಗೆ ಅಂದೇ ಕಡೆಯ ದಿನ. ರಜನಿ ಕಾರ್ಡು ಹಿಡಿದು ಅವನ ಕೋಣೆಗೆ ನುಗ್ಗಿದಳು. ಮೇಜಿನ ಮೇಲೆ ಕಂಪನಿಗಳ ಪತ್ರಗಳನ್ನು ತಾರೀಖಿನ ಪ್ರಕಾರ ದಾರದಲ್ಲಿ ಪೋಣಿಸಿಟ್ಟಿದ್ದ. ಎರಡು ವರ್ಷದಿಂದ ಅವನ ನೌಕರಿಯ ಅರ್ಜಿಗಳಿಗೆ ಎಲ್ಲರೂ ಬರೆದದ್ದು ಕಾರ್ಡಿನ ಅದೊಂದೇ ಸಾಲು. ಅವಳಿಗೆ ಅಣ್ಣನ ಮೇಲೆ ಕನಿಕರ ಬಂತು, ಆದರೆ ಸಿಟ್ಟು ಇಳಿಯಲಿಲ್ಲ. ಅರ್ಜಿಯನ್ನು ಅವನ ಮುಂದಿಟ್ಟು ಹೇಳಿದಳು: "ಆ ಕಂಪನಿಯವರು ನಿನ್ನ ಮಾರಿ ನೋಡಿದ್ದಿಲ್ಲ ಯಜ್ಞಣ್ಣಾ. ನೀ ನನ್ನ ಮಾರಿ ನೋಡಿ ಆಗೂದಿಲ್ಲ ಅನ್ನು."