ಸಾಹೇಬನ ತೋಟದ ಗಂಟೆ

ಖಾನಾಪುರದ ಹೊರಗಿನ ಸಾಹೇಬನ ತೋಟದ ಮನೆಯಲ್ಲಿ ದೆವ್ವ ಇದೆ ಎಂದು ಊರಿಗೆ ಊರೇ ಹೇಳುತ್ತದಲ್ಲ — ಆ ದೆವ್ವವನ್ನು ಹುಟ್ಟಿಸಿದವಳು ನಾನು. ಅದರಿಂದ ಒಬ್ಬರ ಜೀವ ಹೋಯಿತು. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ, ಗಂಡನ ಮುಂದೆಯೂ.

ಆ ಮನೆ ಬ್ರಿಟಿಷರ ಕಾಲದ್ದು. ಆಳೆತ್ತರದ ಕಿಟಕಿಗಳು, ಉದ್ದನೆಯ ಪಡಸಾಲೆ, ಅಂಗಳದ ಕಲ್ಲುಕಂಬಕ್ಕೆ ತೂಗುಹಾಕಿದ ಕಂಚಿನ ಗಂಟೆ. ಸಾಹೇಬ ಊರೂರು ತಿರುಗಲು ಹೋದಾಗ ಒಬ್ಬಳೇ ಉಳಿಯುತ್ತಿದ್ದ ದೊರೆಸಾನಿ ಅದನ್ನು ಹಾಕಿಸಿದಳಂತೆ. ಎರಡೇಟು ಬಿದ್ದರೆ ಆಳುಗಳಿಗೆ ಊಟ. ಬಿಡದೆ ಬಾರಿಸಿದರೆ ಆಪತ್ತು, ಕೈಯಲ್ಲಿದ್ದದ್ದು ಬಿಟ್ಟು ಓಡಿ ಬರಬೇಕು. ಆಮೇಲೆ ಒಂದು ಜೈನ ಕುಟುಂಬ ಆ ಮನೆಯನ್ನು ಕೊಂಡಿತು, ಗಂಟೆಯ ಕಟ್ಟಳೆ ಹಾಗೆಯೇ ಉಳಿಯಿತು. ನಾನು ಪಕ್ಕದ ಕೇರಿಗೆ ಸೊಸೆಯಾಗಿ ಬಂದಾಗ ಅಲ್ಲಿದ್ದವರು ಅಕ್ಕತಂಗಿಯರಿಬ್ಬರೇ. ಅಕ್ಕ ಪದ್ಮಕ್ಕ ವಿಧವೆ, ಇಡೀ ತೋಟ ನೋಡಿಕೊಳ್ಳುವ ಗಟ್ಟಿಗಿತ್ತಿ. ತಂಗಿ ಚಂದಕ್ಕನ ಕಾಲುಗಳು ಚಿಕ್ಕಂದಿನಲ್ಲೇ ಸೋತಿದ್ದವು. ಪಡಸಾಲೆಯಲ್ಲಿ ಕೂತು ಕೈಮಶೀನಿನ ಮೇಲೆ ಬಟ್ಟೆ ಹೊಲಿಯುತ್ತಿದ್ದರು.

ನನಗೆ ಹೊಲಿಗೆ ಕಲಿಯುವ ಹುಚ್ಚು. ಸೊಸೆಯಾದವಳು ಕಂಡವರ ಪಡಸಾಲೆಯಲ್ಲಿ ಕೂರಬಾರದು ಎಂದು ಅತ್ತೆಯ ಅಪ್ಪಣೆ. ಕಟ್ಟಿಗೆ ತರುವ ನೆಪದಲ್ಲಿ ಹೋಗುತ್ತಿದ್ದೆ. ಚಂದಕ್ಕ ಬಟ್ಟೆ ಕತ್ತರಿಸುವುದರಿಂದ ಹಿಡಿದು ಎಲ್ಲ ಕಲಿಸಿದರು. ಬಗಲಲ್ಲಿ ಬಿಗಿಯಾದ ನನ್ನ ಮೊದಲ ಕುಪ್ಪಸ ನೋಡಿ ಪದ್ಮಕ್ಕ, “ಇದನ್ನ ಹಾಕ್ಕೊಂಡ್ರ ಮಂದಿಗೆ ಶರಣು ಮಾಡಾಕೂ ಕೈ ಏಳೂದಿಲ್ಲವಾ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ತವರಿನಲ್ಲೂ ನನಗೆ ಅಷ್ಟು ಸಲಿಗೆ ಇರಲಿಲ್ಲ.

ಒಂದು ಸಂಜೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ನಾನು ದಾರಿಯಲ್ಲಿದ್ದಾಗ ಪದ್ಮಕ್ಕ ಯಾವುದೋ ಆಳನ್ನು ಕರೆಯಲು ಗಂಟೆಗೆ ಒಂದೇಟು ಹಾಕಿದರು. ಮನೆ ಮುಟ್ಟಿದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ.

“ಎಲ್ಲಿದ್ದೀ ಇಷ್ಟೊತ್ತು? ಈ ಹೊತ್ತಿನ್ಯಾಗ ಆ ಗಂಟಿ ಯಾರು ಬಾರಿಸಿದ್ರು?”

“ಯಾರೂ ಇಲ್ರೀ ಅತ್ತಿ. ತಾನ ಹೊಯ್ದಾಡಾಕತ್ತಿತ್ತು. ಕೆಳಗ ಬಿಳೀ ದೊರೆಸಾನಿ ನಿಂತಿದ್ಲು... ನೋಡಿ ಕಾಲಾಗ ಬಲಾನ ಉಳೀಲಿಲ್ಲ, ಅದಕ್ಕ ತಡಾ ಆತು.”

ಎಲ್ಲಿಂದ ಬಂತೋ ಆ ಮಾತು. ಅತ್ತೆ ಬೈಯಲಿಲ್ಲ, ಹಣೆಗೆ ವಿಭೂತಿ ಹಚ್ಚಿ ಮಗ್ಗುಲಲ್ಲೇ ಮಲಗಿಸಿಕೊಂಡರು. ಮರುದಿನಕ್ಕೆ ಕೇರಿಯೆಲ್ಲ ಅದೇ ಸುದ್ದಿ. ಬಾಯಿಂದ ಬಾಯಿಗೆ ಬೆಳೆಯಿತು — ಬಿಡದೆ ಬಾರಿಸುವ ಗಂಟೆಗೆ ಓಗೊಟ್ಟು ಹೋದವರು ತಿರುಗಿ ಬರುವುದಿಲ್ಲವಂತೆ. ಆ ಮಾತು ನನ್ನದಲ್ಲ, ಆದರೆ ನಾನು ಸುಳ್ಳೆನ್ನಲೂ ಇಲ್ಲ. ಆಳುಗಳು ಒಬ್ಬೊಬ್ಬರಾಗಿ ತೋಟ ಬಿಟ್ಟರು. “ನಾವಿಬ್ಬರು ಸಾಲದಂತ ಇನ್ನೊಬ್ಬಾಕಿ ಬಂದಾಳ ನೋಡವಾ ಮನಿಗೆ,” ಎಂದು ಪದ್ಮಕ್ಕ ನಕ್ಕರು. ನಾನೂ ನಕ್ಕೆ... ಅತ್ತೆಯ ಕಣ್ಣು ತಪ್ಪಿಸಿ ಹೋಗಿ, ಅವರ ಮನೆಯ ಚಹಾ ಕುಡಿಯುತ್ತ ನಕ್ಕೆ.

ಆಮೇಲೆ ಬೇಸಿಗೆಯ ಒಂದು ಮಧ್ಯಾಹ್ನ. ಅತ್ತೆ, ನಾನು ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದೆವು. ಗಂಟೆ ಶುರುವಾಯಿತು. ಎರಡೇಟಿಗೆ ನಿಲ್ಲಲಿಲ್ಲ. ಬಾಜು ಮನೆಯವರು ಮಕ್ಕಳನ್ನು ಒಳಗೆಳೆದುಕೊಂಡರು. ಒಂದರ ಹಿಂದೊಂದು ಬಾಗಿಲು ಮುಚ್ಚುತ್ತ ಬಂದವು. ಅತ್ತೆ ನನ್ನ ರಟ್ಟೆ ಹಿಡಿದರು.

“ಒಳಗ ಬಾ. ಅಗಳಿ ಹಾಕು.”

ಕೇರಿಯಲ್ಲಿ ಎಲ್ಲರಿಗೂ ಅದು ದೆವ್ವ. ನನಗೊಬ್ಬಳಿಗೆ ಗೊತ್ತಿತ್ತು — ಅಲ್ಲಿ ದೆವ್ವ ಇಲ್ಲ, ಹಗ್ಗ ಜಗ್ಗುತ್ತಿರುವುದು ಮನುಷ್ಯರ ಕೈ. ಓಡಿದ್ದರೆ, ನಿನಗೊಬ್ಬಳಿಗೇ ಹೆದರಿಕೆ ಯಾಕಿಲ್ಲ ಎಂದು ಕೇಳುತ್ತಿದ್ದರು. ಅಷ್ಟೇ. ಆ ಒಂದು ಪ್ರಶ್ನೆಗೆ ಹೆದರಿ ನನ್ನ ಕೈಯಾರೆ ಅಗಳಿ ಹಾಕಿದೆ. ಗಂಟೆ ನಡುನಡುವೆ ನಿಲ್ಲುತ್ತಿತ್ತು — ಕೈ ಸೋತಿರಬೇಕು — ಮತ್ತೆ ಶುರುವಾಗುತ್ತಿತ್ತು. ಕತ್ತಲಾಗುವ ಹೊತ್ತಿಗೆ ಪೂರ್ತಿ ನಿಂತಿತು.

ಬಣವೆಯಿಂದ ಮೇವು ಹಿರಿಯುವಾಗ ಪದ್ಮಕ್ಕನಿಗೆ ಹಾವು ಕಚ್ಚಿತ್ತು. ಚಂದಕ್ಕ ಅಂಗಳದುದ್ದಕ್ಕೂ ತೆವಳಿ ಹೋಗಿ ಗಂಟೆಯ ಹಗ್ಗ ಹಿಡಿದಿದ್ದರು. ಖಾನಾಪುರದ ದವಾಖಾನೆ ಅಲ್ಲಿಂದ ದೂರವೇನಲ್ಲ. ಮರುದಿನ ಬೆಳಿಗ್ಗೆ ಹಾಲಿನವನು ಹೋಗಿ ನೋಡಿದಾಗ ಚಂದಕ್ಕ ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ.

ಹೆಣದ ಸುತ್ತ ಕೇರಿಯೆಲ್ಲ ಸೇರಿತ್ತು. ಚಂದಕ್ಕನ ಅಂಗೈ ಚರ್ಮ ಕಿತ್ತುಬಂದಿತ್ತು. “ಯಾರಿಗೂ ಕೇಳಲಿಲ್ಲೇನು?” ಎಂದು ಒಬ್ಬೊಬ್ಬರ ಮುಖ ನೋಡಿದರು. ಎಲ್ಲರೂ ತಲೆ ತಗ್ಗಿಸಿದರು. ನಾನು ಹತ್ತಿರ ಕೂತು ಹೇಳಿದೆ — “ಗಾಳಿ ಆ ಕಡೆ ಇತ್ತರೀ ಅಕ್ಕಾರ. ನಮಗ ಕೇಳಲಿಲ್ರೀ.”

ಈಗ ನಾನಿರುವುದು ಬೆಳಗಾವಿಯ ರಾಮತೀರ್ಥ ನಗರದಲ್ಲಿ. ಚಂದಕ್ಕ ಕಲಿಸಿದ ಹೊಲಿಗೆಯಿಂದಲೇ ಮಕ್ಕಳನ್ನು ಓದಿಸಿದೆ. ಚಂದಕ್ಕ ಹತ್ತಿರದ ಸಾಂಬ್ರಾದಲ್ಲಿ ತಮ್ಮನ ಮಗನ ಮನೆಯಲ್ಲಿದ್ದಾರೆ, ಹಣ್ಣು ಹಣ್ಣು ಮುದುಕಿ. ಆಗೀಗ ಹೋಗಿ ಮಾತಾಡಿಸಿ ಬರುತ್ತೇನೆ. ಯಾರಿಗೂ ಕೇಳಿಸಲಿಲ್ಲ ಎಂಬ ನಂಬಿಕೆಯೇ ಅವರಿಗೆ ನೆಮ್ಮದಿ, ಅದನ್ನೇಕೆ ಕಸಿಯಲಿ — ಹೀಗೆ ನನಗೆ ನಾನೇ ಹೇಳಿಕೊಂಡು ಬದುಕಿದೆ.

ನಿನ್ನೆ ಹೋಗಿದ್ದೆ. ಹೊರಡುವಾಗ ಅವರು ನನ್ನ ಸೆರಗು ಹಿಡಿದು ಕೂರಿಸಿದರು. ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತ ಕೇಳಿದರು:

“ಖರೇ ಹೇಳವಾ. ಆವತ್ತು ನಾ ಇನ್ನೊಂದೀಟು ಜೋರು ಜಗ್ಗಿದ್ರ ನಿಮಗ ಕೇಳ್ತಿತ್ತೇನು? ನನ್ನ ಕೈಯಾಗ ಬಲಾ ಇಲ್ದಕ್ಕ ಅಕ್ಕ ಹೋದ್ಲೇನು?”

ಆಗಲೂ ಸೆರಗು ಬಿಡಿಸಿಕೊಂಡು ಎದ್ದು ಬಂದೆ. ನಾಳೆ ಬೆಳಿಗ್ಗೆ ಮತ್ತೆ ಸಾಂಬ್ರಾಕ್ಕೆ ಹೋಗುತ್ತೇನೆ. ಕೈಯಲ್ಲಿ ಬಲವಿತ್ತು ಅಕ್ಕಾ, ಕೇರಿಗೆಲ್ಲ ಕೇಳಿಸಿತ್ತು, ನಾನು ಬಾಗಿಲು ಹಾಕಿಕೊಂಡೆ ಎಂದು ಹೇಳುತ್ತೇನೆ.